ಕಂಚಿಗೆ ಹೋಗುವವರು ಕೈಲಾಸನಾಥ ದೇವಸ್ಥಾನ ಬಿಡಬೇಡಿ

ಕಂಚಿ ಅಂದ್ರೆ ಕಾಮಾಕ್ಷಿ ದರ್ಶನ, ಆಮೇಲೆ ಸೀರೆ ಅಂಗಡಿ. ನಮ್ಮವರು ಜಾಸ್ತಿ ಇಷ್ಟಕ್ಕೇ ವಾಪಸ್ ಬರುತ್ತಾರೆ. ದಯವಿಟ್ಟು ಬೆಳಿಗ್ಗೆ ಬೇಗ ಕೈಲಾಸನಾಥ ದೇವಸ್ಥಾನಕ್ಕೆ ಹೋಗಿ. ಊರಿನ ಒಂದು ಅಂಚಿಗಿದೆ, ಗದ್ದಲವಿಲ್ಲ. 8ನೇ ಶತಮಾನದ ಶುರುವಿನಲ್ಲಿ ಪಲ್ಲವರ ರಾಜಸಿಂಹ ಕಟ್ಟಿಸಿದ್ದು. ಪ್ರಾಕಾರದ ಸುತ್ತ ಪುಟ್ಟ ಪುಟ್ಟ ಗುಡಿಗಳ ಸಾಲಿದೆ. ಒಂದೊಂದರ ಒಳಗೂ ಬಗ್ಗಿ ನೋಡಿ. ಕೆಲವು ಗೋಡೆಗಳಲ್ಲಿ ಹಳೆಯ ಬಣ್ಣದ ಚಿತ್ರಗಳ ಚೂರುಗಳು ಇನ್ನೂ ಉಳಿದಿವೆ. ಮುಟ್ಟಬೇಡಿ, ಮಕ್ಕಳಿಗೂ ಮೊದಲೇ ಹೇಳಿಡಿ.

ಇಲ್ಲಿನ ಮಂಟಪದ ಕಂಬವೊಂದರಲ್ಲಿ ಕನ್ನಡ ಶಾಸನವಿದೆ! ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದರೂ ಊರನ್ನು ಹಾಳುಮಾಡಲಿಲ್ಲ, ದೇವಸ್ಥಾನದ ಸಂಪತ್ತನ್ನು ದೇವರಿಗೇ ಬಿಟ್ಟ ಎಂದು ಅದು ಹೇಳುತ್ತದೆ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಪಟ್ಟದಕಲ್ಲಿನ ವಿರೂಪಾಕ್ಷ. ಅದನ್ನು ನೋಡಿದ್ದರೆ ಹೋಲಿಕೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಶಾಸನ ಹುಡುಕಲು ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಮಧ್ಯಾಹ್ನ ಇಲ್ಲಿ ಹೆಚ್ಚಿನ ದೇವಸ್ಥಾನಗಳ ಬಾಗಿಲು ಹಾಕಿರುತ್ತದೆ, ಸುಮಾರು ನಾಲ್ಕು ಗಂಟೆಗೆ ತೆರೆಯುತ್ತಾರೆ. ಸೀರೆ ಕೆಲಸ ಆಗ ಇಟ್ಟುಕೊಳ್ಳಿ. ಸಂಜೆ ವರದರಾಜ ಪೆರುಮಾಳ್ ದೇವಸ್ಥಾನದಲ್ಲಿ ನೂರು ಕಾಲಿನ ಮಂಟಪದ ಮೂಲೆಗಳನ್ನು ನೋಡಿ, ಕಲ್ಲಿನ ಸರಪಳಿ ಅಲ್ಲೇ ಇರುವುದು. ಮೆಣಸು, ಜೀರಿಗೆ, ಶುಂಠಿ ಹಾಕಿದ ಕಂಚಿ ಇಡ್ಲಿಯನ್ನೂ ತಿನ್ನಿ.