ನಾಯಿ ಮಂಕಾದಾಗ ಮೊದಲು ಒಸಡು ನೋಡಿ

ನಾಯಿ ಊಟ ಬಿಟ್ಟು ಮೂಲೆ ಸೇರಿತೆಂದರೆ ತುಟಿ ಎತ್ತಿ ಒಸಡು ನೋಡಿ. ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು; ತಡವಾದರೆ ರಕ್ತಸಂಚಾರ ಕುಗ್ಗಿದೆ. ಒಸಡೇ ಬಿಳುಪಾಗಿದ್ದರೆ ರಕ್ತಹೀನತೆ ಅಥವಾ ಒಳಗೆಲ್ಲೋ ರಕ್ತಸ್ರಾವದ ಶಂಕೆ. ಹಳದಿಯಾಗಿದ್ದರೆ ಯಕೃತ್ತಿನ ತೊಂದರೆ, ಇಲ್ಲವೇ ಕೆಂಪು ರಕ್ತಕಣಗಳು ಒಡೆಯುತ್ತಿರಬಹುದು. ಕಪ್ಪು ಒಸಡಿನ ನಾಯಿಗೆ ಕೆಳರೆಪ್ಪೆಯ ಒಳಭಾಗ ನೋಡಿ.

ಮೂಗು ಮುಟ್ಟಿ ಜ್ವರ ತಿಳಿಯದು. ಥರ್ಮಾಮೀಟರಿಗೆ ವ್ಯಾಸಲೀನ್ ಸವರಿ ಗುದದ್ವಾರದಲ್ಲಿ ಇಡಿ, 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಸಹಜ. ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ದಾಟುತ್ತಿದ್ದರೆ ಹೃದಯ, ಶ್ವಾಸಕೋಶ ತೋರಿಸಿ.

ಪ್ಯಾರಾಸಿಟಮಾಲ್, ಐಬುಪ್ರೊಫೆನ್ ದಯವಿಟ್ಟು ನೀವಾಗಿಯೇ ಕೊಡಬೇಡಿ: ಮೊದಲನೆಯದು ಯಕೃತ್ತಿಗೆ, ಎರಡನೆಯದು ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಒಸಡು ಬಿಳಿಚಿದ್ದರೆ ಬೆಳಗಾಗುವವರೆಗೆ ಕಾಯದೆ ವೈದ್ಯರ ಬಳಿ ಹೊರಡಿ.