ನಮ್ಮೂರ ಕೆರೆ ಮ್ಯಾಪ್ ಮಾಡಿದ್ದು: ನನ್ನ ಅನುಭವ

ಹೋದ ವರ್ಷ ಯುಗಾದಿ ಆಗಿ ಎರಡು ದಿನಕ್ಕೆ ನಮ್ಮೂರ ಕೆರೆಗೆ ಹೂಳೆತ್ತೋಕೆ ಜೆಸಿಬಿ ಬಂತು. ಊರು ಮುಳಬಾಗಿಲು ಕಡೆ, ಹೆಸರು ಬರೆಯಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಜೆಸಿಬಿ ಡ್ರೈವರ್ ಇಳಿದು ಕೇಳಿದ್ದು ಒಂದೇ ಪ್ರಶ್ನೆ, "ತೂಬು ಎಲ್ಲಿದೆ ಸಾರ್, ಬಕೆಟ್ ತಗುಲಿದ್ರೆ ಒಡೆದೋಗುತ್ತೆ". ತೂಬು ಅಂದ್ರೆ ಕೆರೆ ನೀರನ್ನ ಹೊಲಕ್ಕೆ ಬಿಡೋ ಕಿಂಡಿ. ಕಟ್ಟೆ ಮೇಲೆ ನಿಂತಿದ್ದ ಹತ್ತು ಹನ್ನೆರಡು ಜನ ಹತ್ತು ಹನ್ನೆರಡು ದಿಕ್ಕಿಗೆ ಕೈ ತೋರಿಸಿದ್ವಿ. ನಾನೂ ತೋರಿಸ್ದೆ, ತಪ್ಪು ಕಡೆ. ಕೊನೆಗೆ ನೀರುಗಂಟಿ (ಕೆರೆ ನೀರು ಬಿಡೋ ಕೆಲ್ಸದೋರು) ಮನೆ ತಾತನ್ನ ಬೈಕಲ್ಲಿ ಕೂರಿಸ್ಕೊಂಡು ಬಂದ್ರು. ತಾತ ಕೋಲೂರಿ ಬಂದು, "ಆಡ ಕಾದುರಾ, ಈಡ" (ಅಲ್ಲಲ್ಲ ಕಣೋ, ಇಲ್ಲಿ) ಅಂತ ತೆಲುಗಲ್ಲಿ ಹೇಳಿ ಜಾಲಿ ಪೊದೆ ಒಳಗೆ ಕೋಲು ಚುಚ್ಚಿದ್ರು, ಟಣ್ ಅಂತ ಕಲ್ಲಿನ ಸದ್ದು ಬಂತು.

ಬೆಂಗಳೂರಿಗೆ ವಾಪಸ್ ಬರ್ತಾ ಬಸ್ಸಲ್ಲಿ ಫೋನ್ ತೆಗೆದು ನೋಡ್ದೆ. ಯಾವ ಮ್ಯಾಪಲ್ಲಿ ನೋಡಿದ್ರೂ ನಮ್ಮ ಕೆರೆ ಅನ್ನೋದು ಹೆಸರಿಲ್ಲದ ಒಂದು ನೀಲಿ ಮಚ್ಚೆ. ತೂಬಿಲ್ಲ, ಕೆರೆ ತುಂಬಿದಾಗ ನೀರು ಹೊರಗೆ ಹೋಗೋ ಕೋಡಿ ಇಲ್ಲ, ಮೇಲಿನ ಕೆರೆಯಿಂದ ನೀರು ಬರೋ ಕಾಲುವೆ ಇಲ್ಲ. ಆ ತಾತ ಹೋದ್ಮೇಲೆ ಇನ್ನೊಂದ್ಸಲ ಜೆಸಿಬಿ ಬಂದ್ರೆ ಏನ್ ಕತೆ? ಅಲ್ಲಿಂದ ಶುರು ಆಯ್ತು. ನಾನು ಮ್ಯಾಪ್ ಓದ್ಕೊಂಡೋನಲ್ಲ, ಅಕೌಂಟ್ಸ್ ಕೆಲ್ಸ ಮಾಡೋನು, ಸ್ಪ್ರೆಡ್‌ಶೀಟ್ ಬಿಟ್ರೆ ಬೇರೆ ಗೊತ್ತಿರ್ಲಿಲ್ಲ, ಒಂದು ರೂಪಾಯಿ ಖರ್ಚು ಮಾಡ್ಬಾರ್ದು ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಮೊದಲು ಗೂಗಲ್ ಮೈ ಮ್ಯಾಪ್ಸ್ ಟ್ರೈ ಮಾಡ್ದೆ. ಸುಲಭ, ಹದಿನೈದು ನಿಮಿಷದಲ್ಲಿ ಪಿನ್ ಹಾಕಿ ಲೈನ್ ಎಳೆದು ಫೋಟೋ ಅಂಟಿಸ್ಬೋದು, ಒಂದು ಮ್ಯಾಪಿಗೆ ಹತ್ತು ಲೇಯರ್ ಕೊಡ್ತಾರೆ, ಒಂದು ಊರಿಗೆ ಅದು ಧಾರಾಳ. ಆದ್ರೆ ಅಲ್ಲಿ ಹಾಕಿದ್ದು ನನ್ನ ಮ್ಯಾಪಲ್ಲಿ ಮಾತ್ರ ಇರುತ್ತೆ. ನಂಗೆ ಬೇಕಿದ್ದು ಕೆರೆ ಹೆಸರು ಎಲ್ಲರ ಮ್ಯಾಪಿಗೂ ಹೋಗ್ಬೇಕು, ನಾಳೆ ಇನ್ನೊಬ್ರು ಅದರ ಮೇಲೆ ಕೆಲ್ಸ ಮಾಡೋ ಹಾಗಿರ್ಬೇಕು ಅನ್ನೋದು. ಹಂಗಾಗಿ ಓಪನ್‌ಸ್ಟ್ರೀಟ್‌ಮ್ಯಾಪ್ ಕಡೆ ಹೋದೆ. 2004ರಲ್ಲಿ ಇಂಗ್ಲೆಂಡಲ್ಲಿ ಸ್ಟೀವ್ ಕೋಸ್ಟ್ ಅನ್ನೋರು ಶುರು ಮಾಡಿದ್ದು, ವಿಕಿಪೀಡಿಯ ಇದ್ದಂಗೆ ಯಾರು ಬೇಕಾದ್ರೂ ತಿದ್ದಬೋದು. ಅದರ ಮೇಲೆ ನಮ್ಮದೇ ಟಿಪ್ಪಣಿ, ಫೋಟೋ, ಬಣ್ಣ ಹಾಕಿ ಬೇರೆ ಮ್ಯಾಪ್ ಮಾಡ್ಕೊಳೋಕೆ ಯುಮ್ಯಾಪ್ ಅಂತ ಒಂದಿದೆ, ಅದೂ ಫ್ರೀ. ನಾನು ಕೆಲ್ಸನ ಎರಡು ಭಾಗ ಮಾಡ್ಕೊಂಡೆ. ಕೆರೆ, ಕಾಲುವೆ, ದಾರಿ ಇಂಥ ಕಣ್ಣಿಗೆ ಕಾಣೋ, ಯಾರು ಹೋಗಿ ನೋಡಿದ್ರೂ ಹೌದು ಅನ್ನೋ ಸಂಗತಿ ಓಪನ್‌ಸ್ಟ್ರೀಟ್‌ಮ್ಯಾಪಿಗೆ. ತಾತ ಹೇಳೋ ಕತೆ, ಹಳೇ ಹೆಸರು, ಫೋಟೋ ಎಲ್ಲಾ ಯುಮ್ಯಾಪಿಗೆ.

ಕೆರೆ ಗೆರೆ ಎಳೆಯೋದು ಅಂದ್ಕೊಂಡಷ್ಟು ಸಲೀಸಲ್ಲ. ಬ್ರೌಸರಲ್ಲೇ ಎಡಿಟರ್ ತೆರೆದುಕೊಳ್ಳುತ್ತೆ, ಹಿಂದೆ ಬಿಂಗ್ ಸ್ಯಾಟಲೈಟ್ ಚಿತ್ರ ಬರುತ್ತೆ, ಅದನ್ನ ನೋಡ್ಕೊಂಡು ಎಳೆಯೋಕೆ ಅನುಮತಿ ಇದೆ, ಗೂಗಲ್ ಮ್ಯಾಪ್ ನೋಡ್ಕೊಂಡು ಕಾಪಿ ಹೊಡೆಯೋ ಹಂಗಿಲ್ಲ, ಇದು ಮೊದಲೇ ತಿಳ್ಕೊಳ್ಳಿ. ಆದ್ರೆ ಚಿತ್ರ ಯಾವ ತಿಂಗಳದ್ದು? ನಮ್ಮ ಕಡೆ ಕೆರೆ ಅಂದ್ರೆ ಮಳೆ ಆದ್ಮೇಲೆ ಒಂದು ಅಳತೆ, ಶಿವರಾತ್ರಿ ಹೊತ್ತಿಗೆ ಇನ್ನೊಂದು, ಮೇ ತಿಂಗಳಲ್ಲಿ ಹುಡುಗರ ಕ್ರಿಕೆಟ್ ಗ್ರೌಂಡ್. ನಾನು ಮೊದಲು ನೀರು ಕಂಡಷ್ಟಕ್ಕೆ ಗೆರೆ ಎಳೆದಿದ್ದೆ, ಚಿಕ್ಕಪ್ಪ ನೋಡಿ "ಇದೇನೋ ಕೆರೇನಾ, ಕುಂಟೆ ತರ ಮಾಡಿಟ್ಟಿದ್ದೀಯಲ್ಲ" ಅಂದ್ರು. ಆಮೇಲೆ ಕಟ್ಟೆಯಿಂದ ಹಿಡಿದು ಕೋಡಿ ಮಟ್ಟಕ್ಕೆ ನೀರು ನಿಂತ್ರೆ ಎಲ್ಲಿವರೆಗೂ ಬರುತ್ತೋ ಅಲ್ಲಿಗೆ ಎಳೆದು, ವರ್ಷಪೂರ್ತಿ ನೀರಿರಲ್ಲ ಅಂತ ಹೇಳೋಕೆ ಇಂಟರ್‌ಮಿಟೆಂಟ್ ಅನ್ನೋ ಟ್ಯಾಗ್ ಇದೆ, ಅದನ್ನ ಹಾಕ್ದೆ. ಹೆಸರಿಗೂ ಬೇರೆ ಬೇರೆ ಭಾಷೆ ಟ್ಯಾಗ್ ಇದೆ, ಕನ್ನಡದ್ದು ಒಂದು, ತೆಲುಗಿಂದು ಒಂದು. ಗಡಿ ಊರು ನಮ್ದು, ಅರ್ಧ ಮನೆಯೋರು ಕೆರೆ ಅಂತಾರೆ ಅರ್ಧ ಮನೆಯೋರು ಚೆರುವು ಅಂತಾರೆ, ಎರಡನ್ನೂ ತುಂಬಿಸಿದಾಗ ಏನೋ ಒಂದು ಸಮಾಧಾನ ಆಯ್ತು.

ಮಿಕ್ಕಿದ್ದೆಲ್ಲಾ ನಡೆದೇ ಮಾಡ್ಬೇಕು. ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ತಾತನ ಜೊತೆ ಕಟ್ಟೆ ಹತ್ತಿದೆ. ಫೋನಲ್ಲಿ ಓಸ್ಮ್ಯಾಂಡ್ ಅನ್ನೋ ಮ್ಯಾಪ್ ಆ್ಯಪ್ ಹಾಕ್ಕೊಂಡಿದ್ದೆ, ನಡೆದ ದಾರಿ ತಾನೇ ರೆಕಾರ್ಡ್ ಆಗುತ್ತೆ, ನಿಂತ ಜಾಗದಲ್ಲಿ ಒಂದು ಬಟನ್ ಒತ್ತಿದ್ರೆ ಧ್ವನಿನೂ ಆ ಜಾಗಕ್ಕೆ ಅಂಟ್ಕೊಳ್ಳುತ್ತೆ. ಅದು ಬಹಳ ಉಪಯೋಗಕ್ಕೆ ಬಂತು, ಯಾಕಂದ್ರೆ ನಾನು ಬರ್ಕೊಳೋಕೆ ನೋಟ್‌ಬುಕ್ ತೆಗೆದ ತಕ್ಷಣ ತಾತ ಮಾತು ನಿಲ್ಲಿಸಿ ಬಿಡೋರು, ಆಫೀಸಿನೋರು ಬಂದಾಗ ಇರೋ ತರ ಬಿಗಿಯಾಗಿ ನಿಲ್ಲೋರು. ಫೋನ್ ಜೇಬಲ್ಲಿಟ್ಟು ಸುಮ್ನೆ ಜೊತೇಲಿ ನಡೆದ್ರೆ ಬಾಯಿ ಬಿಡೋರು. ದೊಡ್ಡ ತೂಬು, ಸಣ್ಣ ತೂಬು ಅಂತ ಎರಡಿದೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ. ದೊಡ್ಡ ತೂಬಿಗೆ ಎರಡು ಕಲ್ಲುಕಂಬ, ನಡುವೆ ಅಡ್ಡಗಲ್ಲು, ಅಡ್ಡಗಲ್ಲಲ್ಲಿ ಒಂದು ತೂತು, ಅದರೊಳಗೆ ಮರದ ಕೋಲು ಇಳಿಬಿಟ್ಟು ಕೆಳಗಿನ ಬೆಣೆ ಎತ್ತೋದಂತೆ. ತಾತ ಆ ತೂತಿನ ಅಂಚಿನ ಮೇಲೆ ಹೆಬ್ಬೆರಳಾಡಿಸಿ ತೋರಿಸಿದ್ರು, ಕೋಲು ಉಜ್ಜಿ ಉಜ್ಜಿ ಒಂದು ಕಡೆ ಕಲ್ಲು ಕನ್ನಡಿ ತರ ನುಣ್ಣಗಾಗಿದೆ. ಆ ಫೋಟೋ ಈಗ ಮ್ಯಾಪಲ್ಲಿ ತೂಬಿನ ಗುರುತು ಒತ್ತಿದ್ರೆ ತೆರೆಯೋ ಪಾಪ್‌ಅಪ್‌ನಲ್ಲಿ ಮೊದಲು ಬರೋದು.

ಮರದ ಕೆಳಗೆ ನಿಂತಾಗ ಜಿಪಿಎಸ್ ಕುಣಿಯುತ್ತೆ, ಕೋಡಿ ಪಕ್ಕ ದೊಡ್ಡ ಹೊಂಗೆಮರ ಇದೆ, ಅಲ್ಲಿ ತಗೊಂಡ ಪಾಯಿಂಟ್ ಮೂರು ಸಲಕ್ಕೂ ಮೂರು ಕಡೆ ಬಿತ್ತು. ಸ್ವಲ್ಪ ಬಯಲಿಗೆ ಬಂದು, ಎರಡು ನಿಮಿಷ ಅಲ್ಲಾಡದೆ ನಿಂತು, ಆಮೇಲೆ ಸ್ಯಾಟಲೈಟ್ ಚಿತ್ರ ನೋಡಿ ಸರಿ ಮಾಡ್ಕೊಂಡೆ. ಇನ್ನೊಂದು ಮಾತು, ಅಕ್ಷಾಂಶ ರೇಖಾಂಶದಲ್ಲಿ ಪಾಯಿಂಟ್ ಆದ್ಮೇಲೆ ಐದು ಅಂಕಿ ಸಾಕು, ಐದನೇ ಅಂಕಿ ಅಂದ್ರೇನೇ ಒಂದು ಮೀಟರ್ ಲೆಕ್ಕ. ಆ್ಯಪ್ ಹದಿಮೂರು ಅಂಕಿ ಕೊಡ್ತು ಅಂತ ಅಷ್ಟೂ ಇಟ್ಕೊಂಡು ಬೀಗೋದ್ರಲ್ಲಿ ಅರ್ಥ ಇಲ್ಲ.

ಬೆಂಗಳೂರಿಗೆ ಬಂದು ಎಲ್ಲಾನೂ ಶೀಟಿಗೆ ಹಾಕ್ದೆ. ಹೆಸರು, ಅಕ್ಷಾಂಶ, ರೇಖಾಂಶ, ವಿವರ, ಫೋಟೋ ಲಿಂಕ್, ಯಾರು ಹೇಳಿದ್ದು. ಇಲ್ಲಿ ಮೂರು ತಪ್ಪು ಮಾಡ್ದೆ, ಮೂರೂ ಎಲ್ಲರೂ ಮಾಡೋವೇ ಅನ್ಸುತ್ತೆ. ಒಂದು, ಫೈಲ್ ಸೇವ್ ಮಾಡುವಾಗ ಕನ್ನಡ ಅಕ್ಷರ ಕೆಡದಂಗೆ ಇಡೋ ಯುಟಿಎಫ್-8 ಅನ್ನೋ ಆಯ್ಕೆ ಆರಿಸ್ಲಿಲ್ಲ, ಮ್ಯಾಪಲ್ಲಿ ಕನ್ನಡ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿ ಬಂತು, ಊರ ತುಂಬಾ ಪ್ರಶ್ನೆಗಳೇ. ಇದರ ಜೊತೆಗೆ ಪಂಚಾಯ್ತಿಯಿಂದ ಸಿಕ್ಕ ಒಂದು ಹಳೇ ಪಟ್ಟಿ ಹಳೇ ಫಾಂಟಲ್ಲಿ ಟೈಪ್ ಆಗಿತ್ತು, ಯುನಿಕೋಡ್ ಅಲ್ಲ, ಅದನ್ನ ಕನ್ವರ್ಟ್ ಮಾಡಿ ಮತ್ತೆ ಒಂದೊಂದೇ ಒತ್ತಕ್ಷರ ತಿದ್ದಬೇಕಾಯ್ತು. ಎರಡು, ಹಳೇ ಕಾಗದದಲ್ಲಿ 13 ಡಿಗ್ರಿ 10 ನಿಮಿಷ ಅಂತ ಇದ್ದಿದ್ದನ್ನ ಸೀದಾ 13.10 ಅಂತ ಹೊಡೆದೆ. ನಿಮಿಷನ 60ರಿಂದ ಭಾಗಿಸ್ಬೇಕು, ಅದು 13.1667. ಸಣ್ಣ ವ್ಯತ್ಯಾಸ ತರ ಕಾಣುತ್ತೆ, ನೆಲದ ಮೇಲೆ ಏಳು ಕಿಲೋಮೀಟರ್‌ಗಿಂತ ಜಾಸ್ತಿ, ನಮ್ಮ ವೀರಗಲ್ಲು ಪಕ್ಕದೂರೋರ ಹೊಲದಲ್ಲಿ ಹೋಗಿ ನಿಂತಿತ್ತು. ಮೂರನೇದು ಮಜಾ. ಕಾಲುವೆ ಗೆರೆನ ಜಿಯೋಜೇಸನ್ ಅನ್ನೋ ಮ್ಯಾಪ್ ಫೈಲಾಗಿ ನಾನೇ ಕೈಯಾರೆ ಬರೆದು ಏರಿಸ್ದೆ, ಮ್ಯಾಪಲ್ಲಿ ಏನೂ ಕಾಣ್ಲಿಲ್ಲ. ಝೂಮ್ ಔಟ್ ಮಾಡ್ತಾ ಮಾಡ್ತಾ ಭೂಮಿ ಪೂರ್ತಿ ಕಂಡಾಗ ನೋಡ್ತೀನಿ, ನಮ್ಮ ರಾಜಕಾಲುವೆ ನಾರ್ವೆಗೂ ಮೇಲೆ ಸ್ವಾಲ್ಬಾರ್ಡಿನ ಹಿಮದ ಮೇಲೆ ಹರೀತಿದೆ. ಆ ಫೈಲಲ್ಲಿ ರೇಖಾಂಶ ಮೊದಲು ಬರೀಬೇಕು, ಅಕ್ಷಾಂಶ ಆಮೇಲೆ, ನಾವು ಬಾಯಲ್ಲಿ ಹೇಳೋದು ಅದರ ಉಲ್ಟಾ. 13, 78 ಅನ್ನೋದು 78, 13 ಆಗಿ ಕೋಲಾರ ಜಿಲ್ಲೆ ಹಿಮಕರಡಿ ಸೀಮೆ ಸೇರ್ತು. ಸ್ಕ್ರೀನ್‌ಶಾಟ್ ಇನ್ನೂ ಇಟ್ಕೊಂಡಿದೀನಿ.

ಯುಮ್ಯಾಪಲ್ಲಿ ಲೇಯರ್ ಮಾಡೋದು, ಬಣ್ಣ ಬದಲಾಯಿಸೋದು ಎಲ್ಲಾ ಒಂದು ಸಂಜೆ ಕೂತ್ರೆ ಬರುತ್ತೆ, ಅದನ್ನ ವಿವರಿಸಲ್ಲ. ಟಿಪ್ಪಣಿ ಬಗ್ಗೆ ಮಾತ್ರ ಸ್ವಲ್ಪ ಹೇಳ್ತೀನಿ. ಪಾಪ್‌ಅಪ್‌ನಲ್ಲಿ ಎರಡು ನಕ್ಷತ್ರ ಚಿಹ್ನೆ ಹಾಕಿದ್ರೆ ಅಕ್ಷರ ದಪ್ಪ ಆಗುತ್ತೆ, ಜೋಡಿ ಪುಷ್ಪ ಬ್ರ್ಯಾಕೆಟ್ ಒಳಗೆ ಫೋಟೋ ಲಿಂಕ್ ಹಾಕಿದ್ರೆ ಚಿತ್ರ ಬರುತ್ತೆ. ಫೋಟೋನ ಅವರು ಇಟ್ಕೊಳಲ್ಲ, ಬೇರೆ ಕಡೆ ಇಡ್ಬೇಕು, ನಾನು ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ ಅಲ್ಲಿಂದ ಲಿಂಕ್ ತಗೊಂಡೆ. ಮೊದಲು ನಾನು ಬರೆದ ಟಿಪ್ಪಣಿಗಳೆಲ್ಲಾ ಸರ್ಕಾರಿ ಬೋರ್ಡ್ ತರ ಇದ್ವು, "ಇದು ಗ್ರಾಮದ ಪುರಾತನ ಜಲಮೂಲವಾಗಿದ್ದು" ಅಂತೆಲ್ಲಾ. ತಂಗಿ ಓದಿ "ಯಾರಣ್ಣ ಹಿಂಗ್ ಮಾತಾಡೋದು" ಅಂತ ನಕ್ಕಳು. ಅಳಿಸಿ, ತಾತನ ರೆಕಾರ್ಡಿಂಗ್ ಕೇಳಿ, ಅವರ ಮಾತನ್ನೇ ಮೂರು ನಾಲ್ಕು ಸಾಲಿಗೆ ಇಳಿಸ್ದೆ. ಕೋಡಿಗೆ ಈಗ ಇರೋ ಟಿಪ್ಪಣಿ ಇಷ್ಟೇ: "ಕೋಡಿ ಬಿದ್ರೆ ನೀರು ಕೆಳಗಿನ ಕೆರೆಗೆ. ಕೋಡಿ ಬಿದ್ದ ದಿನ ಗಂಗಮ್ಮನಿಗೆ ಬಾಗಿನ. ಕಲ್ಲಿನ ಮೇಲೆ ಪಾಚಿ, ಮಕ್ಕಳನ್ನ ಬಿಡಬೇಡಿ." ಫೋನ್ ಸ್ಕ್ರೀನಲ್ಲಿ ಅದಕ್ಕಿಂತ ಜಾಸ್ತಿ ಯಾರೂ ಓದಲ್ಲ. ಮತ್ತೆ ಪ್ರತಿ ಟಿಪ್ಪಣಿ ಕೆಳಗೆ "ಕಣ್ಣಾರೆ ನೋಡಿದ್ದು", "ಹಿರಿಯರು ಹೇಳಿದ್ದು", "ದಾಖಲೆಯಲ್ಲಿ ಇರೋದು" ಈ ಮೂರರಲ್ಲಿ ಒಂದು ಕಡ್ಡಾಯ. ಊರ ಹತ್ರದ ಒಂದು ಶಾಸನ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಶಾಸನ ಸಂಗ್ರಹದ 10ನೇ ಸಂಪುಟದಲ್ಲಿ ಸಿಕ್ತು, ಕೋಲಾರ ಜಿಲ್ಲೆದು, 1905ರಲ್ಲಿ ಅಚ್ಚಾಗಿದ್ದು. ಅದು ದಾಖಲೆ. ಆ ಕಲ್ಲಿನ ಕೆಳಗೆ ನಿಧಿ ಇದೆ ಅನ್ನೋದನ್ನ ಮಾತ್ರ ಹಿರಿಯರು ಹೇಳಿದ್ರೂ ಮ್ಯಾಪಿಗೆ ಹಾಕ್ಲಿಲ್ಲ, ಹಾಕಿದ್ರೆ ರಾತ್ರೋರಾತ್ರಿ ಹಾರೆ ಹಿಡ್ಕೊಂಡು ಬರೋರಿದ್ದಾರೆ.

ಈಗ ಊರ ಹೆಸರು ಯಾಕೆ ಹೇಳಲ್ಲ ಅನ್ನೋ ವಿಷಯಕ್ಕೆ ಬರ್ತೀನಿ. ಹುಮ್ಮಸ್ಸಲ್ಲಿ ಕಂದಾಯ ಇಲಾಖೆ ಗ್ರಾಮ ನಕ್ಷೆ ಪಿಡಿಎಫ್ ಇಳಿಸಿ, ಕ್ಯೂಜಿಐಎಸ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಅದನ್ನ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸ್ದೆ. ನಕ್ಷೇಲಿರೋ ಜಾಗ, ನೆಲದ ಮೇಲಿರೋ ಅದೇ ಜಾಗ, ಎರಡನ್ನೂ ಗುರುತು ಹಾಕಿದ್ರೆ ಅದು ಶೀಟನ್ನ ಎಳೆದು ಹೊಂದಿಸುತ್ತೆ. ಮೂರೂರ ಗಡಿ ಸೇರೋ ಕಡೆ ನೆಟ್ಟಿರೋ ಕಲ್ಲು, ದೇವಸ್ಥಾನದ ಮೂಲೆ, ದಾರಿ ಕೂಡೋ ಜಾಗ ಹಿಂಗೆ ನಾಲ್ಕು ಪಾಯಿಂಟ್ ಕೊಟ್ಟೆ. ಕೂತ್ಕೊಂತು. ನೋಡಿದ್ರೆ ನಕ್ಷೆಯಲ್ಲಿ ಕೆರೆ ಅಂಗಳ ಅಂತ ಇರೋ ಕಡೆ ಇವತ್ತು ಟೊಮೇಟೊ ತೋಟ. ನಂಗೆ ರಕ್ತ ಕುದೀತು, ಕೆಂಪು ಬಣ್ಣ ಬಳಿದು "ಒತ್ತುವರಿ" ಅಂತ ಬರೆದು ಊರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ.

ಅರ್ಧ ಗಂಟೇಲಿ ಫೋನ್ ಬಂತು. ಆ ತೋಟದೋರು ದೂರದ ನೆಂಟರು. "ಏನಪ್ಪಾ, ಬೆಂಗಳೂರಲ್ಲಿ ಕೂತ್ಕೊಂಡು ನಮ್ಮ ಜಮೀನು ಅಳೀತೀಯಾ, ಪಹಣಿ ತಂದು ತೋರಿಸ್ಲಾ" ಅಂದ್ರು. ನಾನೂ ಏರು ದನೀಲಿ ಮಾತಾಡ್ದೆ. ಆಮೇಲೆ ರಾತ್ರಿ ಕೂತು ನನ್ನ ಲೆಕ್ಕ ನಾನೇ ನೋಡ್ದೆ. ಆ ಶೀಟಿನ ಸ್ಕೇಲ್ 1:7920, ಅಂದ್ರೆ ನಕ್ಷೆ ಮೇಲೆ ಒಂದು ಮಿಲಿಮೀಟರ್ ಪೆನ್ ಗೆರೆ ನೆಲದ ಮೇಲೆ ಹತ್ರತ್ರ ಎಂಟು ಮೀಟರ್. ನಾನು ಕೊಟ್ಟಿದ್ದು ನಾಲ್ಕೇ ಪಾಯಿಂಟ್, ನಾಲ್ಕೂ ಊರಿನ ಒಂದೇ ಕಡೆ, ಕೆರೆ ಇರೋದು ಇನ್ನೊಂದು ಕಡೆ. ಹೊಸದಾಗಿ ಒಂಬತ್ತು ಪಾಯಿಂಟ್ ಕೊಟ್ಟು ಮತ್ತೆ ಕೂರಿಸಿದಾಗ ಗೆರೆ ಹದಿನೆಂಟು ಮೀಟರ್ ಜರುಗ್ತು. ತೋಟದ ಸ್ವಲ್ಪ ಭಾಗ ಆಗಲೂ ಅಂಗಳದಲ್ಲೇ ಇತ್ತು, ಆದ್ರೆ ಮೊದಲು ನಾನು ಕೆಂಪು ಬಳಿದಿದ್ದರಲ್ಲಿ ಮುಕ್ಕಾಲು ಪಾಲು ತಪ್ಪು. ಅಳತೆ ಮಾಡೋಕೆ ಸರ್ವೇಯರ್ ಇದಾರೆ, ಬಾಂದು ಕಲ್ಲಿದೆ, ಅದಕ್ಕೊಂದು ಕ್ರಮ ಇದೆ. ಬೆಳಿಗ್ಗೆ ಗ್ರೂಪಲ್ಲಿ ತಪ್ಪಾಯ್ತು ಅಂತ ಬರೆದು ಆ ಲೇಯರ್ ತೆಗೆದೆ. ಇದನ್ನ ಬರೆಯೋಕೂ ಸ್ವಲ್ಪ ನಾಚಿಕೆನೇ, ಆದ್ರೆ ಈ ಕೆಲ್ಸಕ್ಕೆ ಕೈ ಹಾಕೋರು ಎಡವೋದು ಇಲ್ಲೇ, ಸ್ಕ್ರೀನ್ ಮೇಲೆ ಗೆರೆ ಅಷ್ಟು ತೆಳ್ಳಗೆ ನೀಟಾಗಿ ಕಾಣುತ್ತಲ್ಲ, ನಂಬಿಕೆ ಬಂದ್ಬಿಡುತ್ತೆ.

ಇನ್ನೊಂದು ಎಡವಟ್ಟು ಚಿಕ್ಕದು. ಯುಮ್ಯಾಪಲ್ಲಿ ಅಕೌಂಟ್ ಇಲ್ದೇನೂ ಮ್ಯಾಪ್ ಮಾಡ್ಬೋದು, ಆಗ ಅವರು ಒಂದು ಗುಟ್ಟಿನ ಎಡಿಟ್ ಲಿಂಕ್ ಕೊಡ್ತಾರೆ. ನೋಡೋ ಲಿಂಕ್ ಬದಲು ಅದನ್ನೇ ಗ್ರೂಪಿಗೆ ಕಳಿಸಿದ್ದೆ. ಮಾರನೇ ದಿನ ನೋಡಿದ್ರೆ ಕೋಡಿ ಯಾರದೋ ರಾಗಿ ಹೊಲದಲ್ಲಿದೆ, ಸಣ್ಣ ತೂಬು ಮಾಯ. ಯಾರೋ ಬೆರಳಾಡಿಸಿ ಎಳೆದಿದ್ದಾರೆ, ಬೇಕಂತ ಮಾಡಿದ್ದಲ್ಲ. ಹಿಂದಿನ ವರ್ಷನ್‌ಗೆ ವಾಪಸ್ ಹೋಗೋ ಸೌಲಭ್ಯ ಇದ್ದಿದ್ದಕ್ಕೆ ಬಚಾವ್. ಈಗ ಅಕೌಂಟ್ ಮಾಡ್ಕೊಂಡಿದೀನಿ, ತಿಂಗಳಿಗೊಂದ್ಸಲ ಪೂರ್ತಿ ಬ್ಯಾಕಪ್ ಇಳಿಸಿ ಇಡ್ತೀನಿ.

ಊರೋರು ಇದನ್ನ ಯಾವುದಕ್ಕೆ ಬಳಸ್ತಾರೆ ಅಂತ ನಾನು ಅಂದ್ಕೊಂಡಿದ್ದೇ ಬೇರೆ, ಆಗಿದ್ದೇ ಬೇರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೇಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರ್ತಿದೆಯಲ್ಲ, ಒಂದರಿಂದ ಒಂದಕ್ಕೆ ನೀರು ಹರಿಯೋ ನಮ್ಮ ಕೆರೆಗಳ ಸರಪಳಿಗೆ ಬಂದ್ರೆ ಯಾವ ಕೆರೆ ತುಂಬಿ ಯಾವುದಕ್ಕೆ ಹರಿಯುತ್ತೆ ಅಂತ ಅರಳಿಕಟ್ಟೇಲಿ ದಿನಾ ವಾದ. ಈಗ ಆ ವಾದಕ್ಕೆ ಫೋನ್ ತೆಗೀತಾರೆ, ಕಾಲುವೆ ಗೆರೆ ಮೇಲೆ ಬೆರಳಿಡ್ತಾರೆ. ವಾದ ಕಮ್ಮಿ ಆಗಿಲ್ಲ, ಜಾಸ್ತಿನೇ ಆಗಿದೆ.

ಕಾಲುವೇಲಿ ಒಂದು ಕಡೆ ಸುಮಾರು ಇನ್ನೂರು ಮೀಟರ್ ಗೆರೆ ನಂಗೆ ಸಿಗ್ಲಿಲ್ಲ, ಜಾಲಿ ಬೆಳೆದು ಮುಚ್ಚಿದೆ, ಚಿತ್ರದಲ್ಲೂ ಕಾಣಲ್ಲ. ಅಲ್ಲಿ ಚುಕ್ಕೆ ಗೆರೆ ಹಾಕಿ "ಗೊತ್ತಿದ್ದೋರು ಹೇಳಿ" ಅಂತ ಬರೆದಿಟ್ಟಿದ್ದೆ. ಹೋದ ವಾರ ದುಬೈನಲ್ಲಿರೋ ನಮ್ಮೂರ ಹುಡುಗ ಒಬ್ಬ ವಾಯ್ಸ್ ಮೆಸೇಜ್ ಕಳಿಸಿದ್ದ. "ಅಣ್ಣ, ನೀನು ಹಾಕಿರೋ ಚುಕ್ಕೆ ಗೆರೆ ತಪ್ಪು. ನಾವು ಎಮ್ಮೆ ಮೇಯಿಸುವಾಗ ಅಲ್ಲೇ ಈಜ್ತಿದ್ವಿ, ಕಾಲುವೆ ಬಂಡೆ ಎಡಗಡೆಯಿಂದ ಸುತ್ಕೊಂಡು ಬರುತ್ತೆ, ಬಂಡೆ ಮೇಲೆ ನನ್ನ ಹೆಸರು ಕೆತ್ತಿದೀನಿ, ಹೋಗಿ ನೋಡು." ಈ ಭಾನುವಾರ ಮಚ್ಚು ತಗೊಂಡು ಹೋಗ್ಬೇಕು.