ಮೇಲ್ ಬರೆದೇ ಬಗ್ ನಿಭಾಯಿಸೋದು: ಮಂಡ್ಯದ ಡಿಟಿಪಿ ಅಂಗಡಿಯಿಂದ

ಮಂಡ್ಯದ ಪೇಟೆ ಬೀದಿ ಹತ್ತಿರ ನಮ್ಮದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು, ಊರ ಹಬ್ಬದ ಕರಪತ್ರ, ಇಷ್ಟೇ ಕೆಲಸ. ಇರೋದು ಎರಡು ಕಂಪ್ಯೂಟರ್, ಎರಡರಲ್ಲೂ ಡೆಬಿಯನ್, ಅಂದರೆ ವಿಂಡೋಸ್ ಬದಲಿಗೆ ಹಾಕೋ ಒಂದು ಲಿನಕ್ಸ್ ವ್ಯವಸ್ಥೆ. ಒಂದು ದಿನ ಮದ್ದೂರು ಕಡೆಯ ಗೌಡರೊಬ್ಬರು ಮಗಳ ಮದುವೆ ಕಾರ್ಡಿನ ಪ್ರೂಫ್ ಹಿಡಿದು, ಕನ್ನಡಕ ಮೇಲೇರಿಸಿ, "ಏನವ್ವಾ ಇದು, ಮುಹೂರ್ತನೇ ಕೆಟ್ಟೋಗದಲ್ಲ!" ಅಂದರು. ನೋಡಿದರೆ ನಿಜ. ‘ಮುಹೂರ್ತ’ದ ಅರ್ಕಾವತ್ತು ಪಕ್ಕದಲ್ಲಿ ನಿಲ್ಲೋದು ಬಿಟ್ಟು ‘ತ’ ಮೇಲೆ ಹತ್ತಿ ಕೂತಿದೆ. ಪರದೆಯಲ್ಲಿ ಸರಿಯಾಗಿತ್ತು. ಪಿಡಿಎಫ್ ಮಾಡಿದಾಗ ಮಾತ್ರ ಹೀಗೆ.

ಆ ಕಾರ್ಡನ್ನು ಹೇಗೋ ಸರಿಮಾಡಿ ಕೊಟ್ಟೆ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸೋ ಪ್ರೋಗ್ರಾಂನಲ್ಲಿ ಆ ಪದವನ್ನು ಪಾತ್ (ಅಕ್ಷರದ ಬದಲು ಬರೀ ಗೆರೆ) ಮಾಡಿ, ಅರ್ಕಾವತ್ತನ್ನು ಕೈಯಿಂದ ಎಳೆದು ಕೂರಿಸಿದೆ. ಆದರೆ ಪ್ರತಿ ಕಾರ್ಡಿನಲ್ಲೂ ಒಂದು ಮುಹೂರ್ತ ಇರುತ್ತದಲ್ಲ, ಎಷ್ಟು ಸಲ ಎಳೆಯೋದು? ಹಾಗಾಗಿ ಡೆಬಿಯನ್‌ನವರಿಗೆ ಬಗ್, ಅಂದರೆ ಸಾಫ್ಟ್‌ವೇರಿನ ತಪ್ಪಿನ ದೂರು, ಕಳಿಸಲು ಕೂತೆ. ಅಲ್ಲಿ ಲಾಗಿನ್ ಇಲ್ಲ, ತುಂಬೋಕೆ ಫಾರಂ ಇಲ್ಲ, ಒತ್ತೋಕೆ ಗುಂಡಿ ಇಲ್ಲ. ಎಲ್ಲವೂ ಮೇಲ್‌ನಲ್ಲೇ. 1994ರಲ್ಲಿ ಇಯಾನ್ ಜಾಕ್ಸನ್ ಅನ್ನೋರು ಶುರು ಮಾಡಿದ ವ್ಯವಸ್ಥೆ ಇದು. ಇವತ್ತಿಗೂ ಹಾಗೇ ನಡೆಯುತ್ತಿದೆ. 2021ರ ನವೆಂಬರ್‌ನಲ್ಲಿ ಹತ್ತು ಲಕ್ಷದ ಸಂಖ್ಯೆಯ ಬಗ್ಗೂ ಬಂದು ಸೇರಿತು.

ಓದೋಕೆ ಮುಂಚೆ ಎರಡು ಎಚ್ಚರಿಕೆ. ಇಲ್ಲಿ ವಿಳಾಸ, ಆದೇಶ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ನೀವು ಕಳಿಸುವಾಗ ಇಂಗ್ಲಿಷಿನಲ್ಲೇ ಹಾಕಿ, ಯಂತ್ರಕ್ಕೆ ಕನ್ನಡ ಬರೋದಿಲ್ಲ. ಉದಾಹರಣೆಗೆ 123456 ಅಂತ ಒಂದು ಸಂಖ್ಯೆ ಬಳಸಿದ್ದೇನೆ. ಅದನ್ನೇ ಹಾಕಿ ಕಳಿಸಬೇಡಿ, ಅದು ಯಾರದೋ ಹಳೆಯ ಬಗ್. ನನ್ನ ತೊಂದರೆ ಯಾವ ಪ್ಯಾಕೇಜಿನದು (ಡೆಬಿಯನ್‌ನಲ್ಲಿ ಒಂದೊಂದು ಸಾಫ್ಟ್‌ವೇರ್ ಕಟ್ಟಿಗೂ ಪ್ಯಾಕೇಜ್ ಅನ್ನುತ್ತಾರೆ) ಅಂತಲೂ ಹೇಳೋದಿಲ್ಲ. ಪಾಪ, ಪ್ಯಾಕೇಜ್ ನೋಡಿಕೊಳ್ಳೋರು ಬಿಡುವಿನಲ್ಲಿ ಮಾಡೋ ಕೆಲಸ.

ಬಗ್ ಕಳಿಸೋ ವಿಳಾಸ ಸಬ್ಮಿಟ್@ಬಗ್ಸ್.ಡೆಬಿಯನ್.ಆರ್ಗ್. ಸಬ್ಜೆಕ್ಟ್ ಜಾಗದಲ್ಲಿ ತೊಂದರೆ ಒಂದೇ ಸಾಲಿನಲ್ಲಿ ಇರಲಿ. "ಫಾಂಟ್ ಸರಿ ಇಲ್ಲ" ಅಂದರೆ ಯಾರಿಗೂ ಏನೂ ಗೊತ್ತಾಗೋದಿಲ್ಲ. "ಪಿಡಿಎಫ್ ಮಾಡಿದಾಗ ಕನ್ನಡ ಅರ್ಕಾವತ್ತು ಮುಂದಿನ ಅಕ್ಷರದ ಮೇಲೆ ಕೂರುತ್ತದೆ" ಅಂದರೆ ಓದಿದವರು ಅಲ್ಲೇ ನಿಲ್ಲುತ್ತಾರೆ. ಮೇಲ್‌ನ ಒಳಗೆ ಮೊಟ್ಟಮೊದಲ ಸಾಲುಗಳು ಯಂತ್ರಕ್ಕೆ:

ಪ್ಯಾಕೇಜ್: ಪ್ಯಾಕೇಜಿನ ಹೆಸರು
ವರ್ಷನ್: ನಿಮ್ಮಲ್ಲಿರುವ ಆವೃತ್ತಿ
ಸಿವಿಯಾರಿಟಿ: ನಾರ್ಮಲ್

ಸಿವಿಯಾರಿಟಿ ಏನು ಅಂತ ಮುಂದೆ ಹೇಳುತ್ತೇನೆ. ಆಮೇಲೆ ಒಂದು ಖಾಲಿ ಸಾಲು. ಅಲ್ಲಿಂದ ಮನುಷ್ಯರಿಗೆ. "ನಮಸ್ಕಾರ" ಅಂತ ಮೊದಲೇ ಬರೆಯೋ ಅಭ್ಯಾಸ ನಮಗೆಲ್ಲ ಇದೆ, ಆದರೆ ಅದು ಮೇಲಕ್ಕೆ ಬಂದರೆ ಯಂತ್ರ ಪ್ಯಾಕೇಜ್ ಸಾಲನ್ನು ಗುರುತಿಸೋದಿಲ್ಲ. ನಮಸ್ಕಾರವನ್ನು ಖಾಲಿ ಸಾಲಿನ ಕೆಳಗೆ ಇಳಿಸಿ. ಆವೃತ್ತಿ ತಿಳಿಯಲು ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡೋ ಕಿಟಕಿ) ಡಿಪಿಕೆಜಿ -ಎಸ್ ಅಂತ ಹೊಡೆದು ಪ್ಯಾಕೇಜಿನ ಹೆಸರು ಕೊಡಿ. ಒಂದು ಫೈಲು ಯಾವ ಪ್ಯಾಕೇಜಿಗೆ ಸೇರಿದ್ದು ಅಂತ ಗೊತ್ತಿಲ್ಲದಿದ್ದರೆ ಅದೇ ಎಸ್ ಅನ್ನು ದೊಡ್ಡಕ್ಷರದಲ್ಲಿ ಹಾಕಿ, ಫೈಲಿನ ದಾರಿ ಕೊಡಿ. ಇದೆಲ್ಲ ತಲೆನೋವು ಅನ್ನೋರಿಗೆ ರಿಪೋರ್ಟ್‌ಬಗ್ ಅನ್ನೋ ಪ್ರೋಗ್ರಾಂ ಇದೆ. ಅದೇ ಕೇಳಿ ಕೇಳಿ ತುಂಬಿಸುತ್ತದೆ. ನನಗೆ ಕೈಯಿಂದ ಬರೆಯೋದೇ ಸಲೀಸು.

ಕಳಿಸೋ ಮುಂಚೆ ಇನ್ನೊಂದು. ಅಲ್ಲಿಗೆ ಹೋದ ಮೇಲ್ ಊರಿಗೆಲ್ಲ ಕಾಣುತ್ತದೆ, ನಿಮ್ಮ ಮೇಲ್ ವಿಳಾಸವೂ ಸೇರಿ. ನಾನು ಗೌಡರ ಕಾರ್ಡಿನ ಪಿಡಿಎಫ್ಫನ್ನೇ ಲಗತ್ತಿಸಿ ಇನ್ನೇನು ಕಳಿಸಬೇಕು, ಅಂಗಡಿ ಹುಡುಗ "ಅಕ್ಕ, ಅದರಲ್ಲಿ ಗೌಡ್ರ ಫೋನ್ ನಂಬರ್ ಅದೆ" ಅಂದ. ಕೈ ಅಲ್ಲೇ ನಿಂತಿತು. ಆಮೇಲೆ ಬರೀ ‘ಮುಹೂರ್ತ’ ಅನ್ನೋ ಒಂದೇ ಪದದ ಫೈಲು ಮಾಡಿ ಕಳಿಸಿದೆ. ಅದೇ ಒಳ್ಳೆಯದಾಯಿತು. ನೋಡೋರಿಗೆ ಇಡೀ ಕಾರ್ಡು ಬೇಕಿಲ್ಲ, ತಪ್ಪು ಕಾಣೋ ಅತಿ ಚಿಕ್ಕ ತುಂಡು ಸಾಕು. ಕನ್ನಡ ಓದಲು ಬಾರದವರೂ ನೋಡುತ್ತಾರೆ ಅಂತ ಸರಿಯಾದ ರೂಪದ ಚಿತ್ರ ಒಂದು, ತಪ್ಪು ರೂಪದ ಚಿತ್ರ ಒಂದು ಅಕ್ಕಪಕ್ಕ ಇಟ್ಟೆ. ಯಾವುದು ಹೇಗಿರಬೇಕು ಅಂತ ಅವರು ನನ್ನನ್ನು ಮತ್ತೆ ಕೇಳಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಉತ್ತರ ಬರುತ್ತದೆ, ಅದರಲ್ಲಿ ಬಗ್ ಸಂಖ್ಯೆ ಇರುತ್ತದೆ. ಅಲ್ಲಿಂದ ಮುಂದೆ ಆ ಬಗ್ಗಿಗೆ ತನ್ನದೇ ವಿಳಾಸ: 123456@ಬಗ್ಸ್.ಡೆಬಿಯನ್.ಆರ್ಗ್. ಹೊಸ ವಿಷಯ ಇದ್ದರೆ ಇಲ್ಲಿಗೇ ಬರೆಯಿರಿ. ಮತ್ತೆ ಸಬ್ಮಿಟ್‌ಗೆ ಕಳಿಸಿದರೆ ಅದು ಇನ್ನೊಂದು ಬಗ್ ಆಗಿ ಹುಟ್ಟುತ್ತದೆ. ಇದರಲ್ಲಿ ಒಂದು ವಿಚಿತ್ರ ಇದೆ. ಸಂಖ್ಯೆಯ ವಿಳಾಸಕ್ಕೆ ಬರೆದದ್ದು ಪ್ಯಾಕೇಜ್ ನೋಡಿಕೊಳ್ಳೋರಿಗೆ ಹೋಗುತ್ತದೆ, ದಾಖಲೆಗೂ ಸೇರುತ್ತದೆ, ಆದರೆ ಬಗ್ ಕಳಿಸಿದವರಿಗೆ ತಾನಾಗಿ ಹೋಗೋದಿಲ್ಲ. ಬೇರೆಯವರ ಬಗ್ಗಿನಲ್ಲಿ ಏನಾದರೂ ಕೇಳಬೇಕಿದ್ದರೆ 123456-ಸಬ್ಮಿಟರ್@ಬಗ್ಸ್.ಡೆಬಿಯನ್.ಆರ್ಗ್ ಅನ್ನೋ ವಿಳಾಸವನ್ನೂ ಸೇರಿಸಿ. ಇಲ್ಲದಿದ್ದರೆ ನೀವು ಕೇಳಿದ್ದು ಅವರಿಗೆ ಗೊತ್ತೇ ಆಗೋದಿಲ್ಲ, ಉತ್ತರ ಬರಲಿಲ್ಲ ಅಂತ ನೀವು ಸುಮ್ನೆ ಬೇಜಾರು ಮಾಡಿಕೊಳ್ಳುತ್ತೀರಿ.

ಈಗ ಆದೇಶಗಳ ವಿಷಯ. ಅವಕ್ಕೆ ಬೇರೆ ವಿಳಾಸ: ಕಂಟ್ರೋಲ್@ಬಗ್ಸ್.ಡೆಬಿಯನ್.ಆರ್ಗ್. ಇಲ್ಲಿ ಓದೋದು ಮನುಷ್ಯ ಅಲ್ಲ. ಸಾಲಿಗೊಂದು ಆದೇಶದಂತೆ ಮೇಲಿನಿಂದ ಕೆಳಕ್ಕೆ ಓದಿ, ಒಂದೊಂದನ್ನೂ ಮಾಡಿ, ಏನಾಯಿತು ಅಂತ ನಿಮಗೆ ವರದಿ ಕಳಿಸುತ್ತದೆ. ನನ್ನ ಮೊದಲ ಆದೇಶ ಹೀಗಿತ್ತು:

ಸಿವಿಯಾರಿಟಿ 123456 ಇಂಪಾರ್ಟೆಂಟ್

ಅಷ್ಟೇ. ಕಳಿಸಿ ಟೀ ತರಿಸಿದೆ. ಟೀ ಮುಗಿಯೋದರೊಳಗೆ ಬಂದ ವರದಿ ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮೊದಲ ಸಾಲು ಆಗಿದೆ ಅಂದಿತ್ತು. ಅದರ ಕೆಳಗೆ ನನ್ನ ಮೇಲ್‌ನ ಸಹಿಯನ್ನು ಒಂದೊಂದೇ ಸಾಲಾಗಿ ಎತ್ತಿ ಹೇಳಿತ್ತು. "ಮದುವೆ ಕಾರ್ಡು, ಲೆಟರ್‌ಹೆಡ್": ಈ ಆದೇಶ ಗೊತ್ತಿಲ್ಲ. "ಬಿಲ್ ಬುಕ್ಕು ಒಂದೇ ದಿನದಲ್ಲಿ": ಈ ಆದೇಶ ಗೊತ್ತಿಲ್ಲ. "ಭಾನುವಾರ ರಜೆ": ಈ ಆದೇಶವೂ ಗೊತ್ತಿಲ್ಲ. ಹೀಗೆ ಕೆಲವು ಸಾಲು ನೋಡಿ, ಗೊತ್ತಿಲ್ಲದ್ದು ಜಾಸ್ತಿ ಆಯಿತು, ಇಲ್ಲಿಗೆ ನಿಲ್ಲಿಸಿದ್ದೇನೆ ಅಂತ ಮುಗಿಸಿತ್ತು.

ಅದಕ್ಕೇ ಆದೇಶಗಳ ಕೊನೆಗೆ ಒಂದು ಸಾಲು ‘ಥ್ಯಾಂಕ್ಸ್’ ಅಂತ ಹಾಕಬೇಕು. ಇದು ಮರ್ಯಾದೆಗೆ ಹೇಳೋ ಮಾತಲ್ಲ, ಅದೂ ಒಂದು ಆದೇಶ: ಇಲ್ಲಿಗೆ ಓದೋದು ನಿಲ್ಲಿಸು ಅಂತ. ‘ಸ್ಟಾಪ್’, ‘ಕ್ವಿಟ್’ ಅಂದರೂ ನಡೆಯುತ್ತದೆ, ಸಾಲಿನ ಶುರುವಿಗೆ ಎರಡು ಅಡ್ಡಗೀಟು ಹಾಕಿದರೂ ಆಗುತ್ತದೆ. ನನ್ನ ಸಹಿಯ ನೆತ್ತಿಯ ಮೇಲೆ ಈಗ ಎರಡು ಗೀಟು ಕಾಯಂ. ಆದೇಶಕ್ಕೆ ಕಾರಣ ಬರೆಯಬೇಕು ಅನ್ನಿಸಿದರೆ ಸಾಲಿನ ಮೊದಲು ಹ್ಯಾಷ್ ಗುರುತು ಹಾಕಿ ಬರೆಯಿರಿ. ಯಂತ್ರ ಅದನ್ನು ದಾಟಿಹೋಗುತ್ತದೆ, ಮನುಷ್ಯರು ಓದುತ್ತಾರೆ.

ಬಣ್ಣ, ದಪ್ಪಕ್ಷರ ಏನೂ ಬೇಡ, ಪ್ಲೇನ್ ಟೆಕ್ಸ್ಟ್‌ನಲ್ಲೇ ಕಳಿಸಿ. ಉದ್ದ ಸಾಲಿನ ಬಗ್ಗೆಯೂ ಹುಷಾರು. ಶೀರ್ಷಿಕೆ ಬದಲಿಸಲು ‘ರೀಟೈಟಲ್ 123456’ ಅಂತ ಬರೆದು ಹೊಸ ಶೀರ್ಷಿಕೆ ಕೊಡಬೇಕು. ಅದು ಉದ್ದವಾದರೆ ಕೆಲವು ಮೇಲ್ ಪ್ರೋಗ್ರಾಂಗಳು ಸಾಲನ್ನು ತಾವೇ ಮುರಿದು ಕಳಿಸುತ್ತವೆ. ಆಗ ಅರ್ಧ ಶೀರ್ಷಿಕೆ ಬಗ್ಗಿನ ಮೇಲೆ ಕೂರುತ್ತದೆ, ಉಳಿದ ಅರ್ಧ ಗೊತ್ತಿಲ್ಲದ ಆದೇಶ ಆಗುತ್ತದೆ.

ಸಿವಿಯಾರಿಟಿ ಅಂದರೆ ತೊಂದರೆ ಎಷ್ಟು ದೊಡ್ಡದು ಅನ್ನೋ ಅಂದಾಜು. ಒಟ್ಟು ಏಳು ಮೆಟ್ಟಿಲು: ಕ್ರಿಟಿಕಲ್, ಗ್ರೇವ್, ಸೀರಿಯಸ್, ಇಂಪಾರ್ಟೆಂಟ್, ನಾರ್ಮಲ್, ಮೈನರ್, ವಿಷ್‌ಲಿಸ್ಟ್. ಮೊದಲ ಮೂರು ಬಹಳ ಭಾರ, ಡೆಬಿಯನ್‌ನ ಹೊಸ ಬಿಡುಗಡೆಗೇ ಅಡ್ಡ ಬರುವಂಥವು. ನನ್ನ ಗಿರಾಕಿಯ ಮದುವೆ ನನಗೆ ಕ್ರಿಟಿಕಲ್ಲೇ, ಇಲ್ಲ ಅನ್ನೋದಿಲ್ಲ. ಆದರೆ ಅಲ್ಲಿ ಕ್ರಿಟಿಕಲ್ ಅಂದರೆ ಸಂಬಂಧವೇ ಇಲ್ಲದ ಬೇರೆ ಸಾಫ್ಟ್‌ವೇರ್ ಕೆಡಬೇಕು, ಇಲ್ಲವೇ ದೊಡ್ಡ ಮಟ್ಟದಲ್ಲಿ ಡೇಟಾ ಹೋಗಬೇಕು, ಇಲ್ಲವೇ ಭದ್ರತೆಗೆ ತೂತು ಬೀಳಬೇಕು. ಅರ್ಕಾವತ್ತು ಜಾರೋದು ಇಂಪಾರ್ಟೆಂಟ್‌ವರೆಗೆ ಹೋಗಬಹುದು. ನೋಡಿಕೊಳ್ಳೋರು ಅದನ್ನೂ ನಾರ್ಮಲ್‌ಗೆ ಇಳಿಸಿದರು. ನಾನು ಮತ್ತೆ ಏರಿಸಲಿಲ್ಲ. ಏರಿಸೋದು, ಅವರು ಇಳಿಸೋದು, ಈ ಹಗ್ಗಜಗ್ಗಾಟದಲ್ಲಿ ಬಗ್ ಸರಿಹೋಗೋದಿಲ್ಲ.

ಆದೇಶ ಕೊಡೋಕೆ ಪಾಸ್‌ವರ್ಡ್ ಇಲ್ಲ ಅನ್ನೋದು ಗಮನಿಸಿದ್ದೀರಾ? ಮಂಡ್ಯದಲ್ಲಿ ಕೂತು ನಾನು ಯಾರದೇ ಬಗ್ಗನ್ನು ಏರಿಸಬಹುದು, ಇಳಿಸಬಹುದು, ಬೇರೆ ಪ್ಯಾಕೇಜಿಗೆ ತಳ್ಳಬಹುದು. ಬೀಗ ಇಲ್ಲದ ಮನೆ. ಯಾರು ಏನು ಮಾಡಿದರು ಅನ್ನೋದು ದಾಖಲೆಯಲ್ಲಿ ಉಳಿಯುತ್ತದೆ ಅಷ್ಟೇ.

ನನ್ನ ಬಗ್ ಕೊನೆಗೆ ಫಾಂಟಿನದ್ದಲ್ಲ ಅಂತಾಯಿತು, ಪಿಡಿಎಫ್ ಮಾಡೋ ಲೈಬ್ರರಿಯದ್ದು, ಅಂದರೆ ಬೇರೆ ಪ್ರೋಗ್ರಾಂಗಳು ಬಳಸೋ ಕೋಡಿನ ಕಟ್ಟಿನದ್ದು. ಅದೇ ಪದವನ್ನು ಮೂರು ಬೇರೆ ಫಾಂಟಿನಲ್ಲಿ ಪಿಡಿಎಫ್ ಮಾಡಿ ನೋಡಿದೆ, ಮೂರರಲ್ಲೂ ಅರ್ಕಾವತ್ತು ಜಾರಿತ್ತು. ಹೀಗಾದಾಗ ಬೇಕಾದದ್ದು ಬಗ್ಗನ್ನು ಬೇರೆ ಪ್ಯಾಕೇಜಿಗೆ ಕಳಿಸೋ ಆದೇಶ, ರೀಅಸೈನ್:

ರೀಅಸೈನ್ 123456 ಹೊಸ-ಪ್ಯಾಕೇಜ್ ಆವೃತ್ತಿ
ಥ್ಯಾಂಕ್ಸ್

ಆವೃತ್ತಿ ಬಿಡಬೇಡಿ. ಮನೆ ಬದಲಿಸಿದಾಗ ಹಳೆ ಪ್ಯಾಕೇಜಿನ ಆವೃತ್ತಿ ವಿವರ ಅಳಿಸಿಹೋಗುತ್ತದೆ. ಹೊಸ ಮನೆಯವರಿಗೆ ಯಾಕೆ ಕಳಿಸಿದೆ ಅಂತ ನಾಲ್ಕು ಸಾಲು ಬರೆಯೋದನ್ನೂ ಮರೆಯಬೇಡಿ.

ಕಾರಣ ಮತ್ತು ಆದೇಶ ಎರಡೂ ಒಂದೇ ಮೇಲ್‌ನಲ್ಲಿ ಹೋಗೋ ದಾರಿ ಇದೆ, ಈಗೀಗ ನಾನು ಅದನ್ನೇ ಹಿಡಿದಿದ್ದೇನೆ. ಬಗ್ ಸಂಖ್ಯೆಯ ವಿಳಾಸಕ್ಕೆ ಬರೆಯೋ ಮೇಲ್‌ನ ಮೊದಲ ಸಾಲು ಹೀಗಿರಲಿ:

ಕಂಟ್ರೋಲ್: ಟ್ಯಾಗ್ಸ್ -1 + ಪ್ಯಾಚ್

ಇಲ್ಲಿ -1 ಅಂದರೆ ಇದೇ ಬಗ್. ಟ್ಯಾಗ್ ಅಂದರೆ ಬಗ್ಗಿಗೆ ಅಂಟಿಸೋ ಚೀಟಿ. ಕೆಳಗೆ ಖಾಲಿ ಸಾಲು ಬಿಟ್ಟು ಮನುಷ್ಯರಿಗೆ ಬರೆಯೋದು. ಪ್ಯಾಚ್ ಅನ್ನೋ ಟ್ಯಾಗ್ ತಿದ್ದುಪಡಿಯ ಫೈಲು ಜೊತೆಗಿದ್ದಾಗ ಮಾತ್ರ ಹಾಕಿ. ಯಾರಾದರೂ ನಿಮ್ಮ ಬಗ್ಗಿಗೆ ‘ಮೋರ್‌ಇನ್ಫೋ’ ಅಂತ ಟ್ಯಾಗ್ ಹಾಕಿದರೆ ನಿಮ್ಮಿಂದ ಉತ್ತರ ಬಾಕಿ ಇದೆ ಅಂತ ಅರ್ಥ. ಉತ್ತರ ಕೊಟ್ಟ ಮೇಲೆ ಕೂಡೋ ಗುರುತಿನ ಬದಲು ಕಳೆಯೋ ಗುರುತು ಹಾಕಿ ಆ ಟ್ಯಾಗ್ ತೆಗೆಯಿರಿ. ಒಂದೇ ತೊಂದರೆಗೆ ಎರಡು ಬಗ್ ಇದ್ದರೆ ‘ಮರ್ಜ್’ ಅಂತ ಎರಡೂ ಸಂಖ್ಯೆ ಕೊಟ್ಟು ಕೂಡಿಸಬಹುದು. ಪ್ಯಾಕೇಜು, ಸಿವಿಯಾರಿಟಿ ಎಲ್ಲ ಒಂದೇ ಇರಬೇಕು, ಇಲ್ಲದಿದ್ದರೆ ಒಪ್ಪೋದಿಲ್ಲ. ‘ಫೋರ್ಸ್‌ಮರ್ಜ್’ ಅಂದರೆ ಎರಡನೆಯದನ್ನು ಮೊದಲನೆಯದರ ಹಾಗೆ ಮಾಡಿ ಕೂಡಿಸುತ್ತದೆ.

ಮುಚ್ಚೋದು ಹೇಗೆ? ‘ಕ್ಲೋಸ್’ ಅಂತ ಒಂದು ಆದೇಶ ಇದೆ, ಬಳಸಬೇಡಿ. ಮುಚ್ಚಿದೆ ಅನ್ನೋದು ಮಾತ್ರ ಬಗ್ ಕಳಿಸಿದವರಿಗೆ ತಿಳಿಯುತ್ತದೆ, ಯಾಕೆ ಅನ್ನೋದು ತಿಳಿಯೋದಿಲ್ಲ. ಅದರ ಬದಲು 123456-ಡನ್ ಅನ್ನೋ ವಿಳಾಸಕ್ಕೆ ಮೇಲ್ ಬರೆಯಿರಿ. ಮೊದಲ ಸಾಲು ‘ವರ್ಷನ್:’ ಅಂತ ಸರಿಹೋದ ಆವೃತ್ತಿ, ಆಮೇಲೆ ಖಾಲಿ ಸಾಲು, ಆಮೇಲೆ ಕಾರಣ. ಆ ಕಾರಣ ಬಗ್ ಕಳಿಸಿದವರಿಗೂ ಹೋಗುತ್ತದೆ.

ನನಗೂ ಒಂದು ದಿನ ಅಂಥ ಮೇಲ್ ಬಂತು. ಖುಷಿಯಾಗಿ ಅಪ್‌ಡೇಟ್ ಹಾಕಿ ಪ್ರೂಫ್ ತೆಗೆದರೆ ಅರ್ಕಾವತ್ತು ಮತ್ತೆ ‘ತ’ ಮೇಲೆ! ಸಿಟ್ಟು ಬಂತು. ‘ರೀಓಪನ್’ ಅಂತ ಹೊಡೆದು ಕಳಿಸಿಯೇಬಿಟ್ಟೆ. ಅದು ನನ್ನ ತಪ್ಪು. ಅವರು ಸರಿಮಾಡಿದ್ದು ಅನ್‌ಸ್ಟೇಬಲ್ ಅನ್ನೋ, ಹೊಸದು ಮೊದಲು ಸೇರೋ ಕವಲಿನಲ್ಲಿ. ನನ್ನ ಅಂಗಡಿಯಲ್ಲಿರೋದು ಸ್ಟೇಬಲ್, ಅಂದರೆ ಬಿಡುಗಡೆಯಾದ ಕವಲು. ಹೊಸ ಸ್ಟೇಬಲ್ ಬರೋದು ಸುಮಾರು ಎರಡು ವರ್ಷಕ್ಕೊಮ್ಮೆ, ಅಲ್ಲಿಯವರೆಗೆ ಇಂಥ ಸಣ್ಣಪುಟ್ಟ ತಿದ್ದುಪಡಿಗಳು ಅದಕ್ಕೆ ಇಳಿಯೋದು ಅಪರೂಪ. ಯಾವ ಆವೃತ್ತಿಯಲ್ಲಿ ಬಗ್ ಇದೆ, ಯಾವುದರಲ್ಲಿ ಇಲ್ಲ ಅನ್ನೋ ಲೆಕ್ಕ ವ್ಯವಸ್ಥೆಗೆ ಗೊತ್ತಿರುತ್ತದೆ. ಮುಚ್ಚಿದ ಬಗ್ಗೂ ಹಳೆ ಆವೃತ್ತಿಗೆ ಇನ್ನೂ ಇದೆ ಅಂತಲೇ ತೋರಿಸುತ್ತದೆ. ಅವರು ಬೇಜಾರು ಮಾಡಿಕೊಳ್ಳದೆ ಮತ್ತೆ ಮುಚ್ಚಿ, ಎರಡು ಸಾಲಿನಲ್ಲಿ ಇದನ್ನು ತಿಳಿಸಿದರು. ನಾನು ತಪ್ಪಾಯಿತು ಅಂತ ಬರೆದೆ.

ಸರಿಹೋಯಿತು ಅಂದ ಆವೃತ್ತಿಯಲ್ಲೇ, ಇಲ್ಲವೇ ಅದಕ್ಕಿಂತ ಹೊಸದರಲ್ಲಿ ತೊಂದರೆ ಕಂಡರೆ ಮಾತ್ರ ‘ಫೌಂಡ್ 123456’ ಅಂತ ಬರೆದು ಆ ಆವೃತ್ತಿಯನ್ನು ಮುಂದೆ ಹಾಕಿ ಕಂಟ್ರೋಲ್‌ಗೆ ಕಳಿಸಿ. ಮುಚ್ಚಿದ ಬಗ್ 28 ದಿನ ಸುಮ್ಮನಿದ್ದರೆ ಸಾಮಾನ್ಯವಾಗಿ ಕಡತಕ್ಕೆ ಹೋಗುತ್ತದೆ, ಆಮೇಲೆ ಅದಕ್ಕೆ ಬರೆದರೂ ಸೇರೋದಿಲ್ಲ. ಆಗ ‘ಅನ್‌ಆರ್ಕೈವ್ 123456’ ಮೊದಲ ಸಾಲು, ‘ಫೌಂಡ್’ ಎರಡನೆಯ ಸಾಲು.

ಕೈ ಪಳಗಿಸಿಕೊಳ್ಳಲು ಒಂದು ಅಪಾಯವಿಲ್ಲದ ವಿಳಾಸ ಇದೆ: ರಿಕ್ವೆಸ್ಟ್@ಬಗ್ಸ್.ಡೆಬಿಯನ್.ಆರ್ಗ್. ಅದು ಓದಿ ಹೇಳುತ್ತದೆ, ಏನನ್ನೂ ಬದಲಿಸೋದಿಲ್ಲ. ‘ರೆಫ್‌ಕಾರ್ಡ್’ ಅಂತ ಒಂದು ಸಾಲು, ಕೆಳಗೆ ‘ಥ್ಯಾಂಕ್ಸ್’ ಬರೆದು ಕಳಿಸಿದರೆ ಆದೇಶಗಳ ಪಟ್ಟಿಯೇ ವಾಪಸ್ ಬರುತ್ತದೆ. ನಾನು ಅದನ್ನು ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿ, ಕಾರ್ಡ್ ಸ್ಯಾಂಪಲ್ ಆಲ್ಬಂ ಪಕ್ಕದಲ್ಲಿ ನೇತುಹಾಕಿದ್ದೇನೆ. ಗಿರಾಕಿಗಳು ಒಮ್ಮೊಮ್ಮೆ ಅದನ್ನೂ ಕೈಗೆತ್ತಿಕೊಂಡು ರೇಟ್ ಕೇಳುತ್ತಾರೆ.